ಮನೆಯೊಳಗೊಂದು ಸರ್ವರ್: ಮೊದಲ ನ್ಯಾಸ್ ಕೊಳ್ಳುವ ಮುನ್ನ

ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಬಂದಾಗ, ಎಷ್ಟು ಫೋಟೊ ಬೇಕಾದರೂ ಇಟ್ಟುಕೊಳ್ಳಿ, ದುಡ್ಡು ಬೇಡ ಎಂದಿತ್ತು. ಚಿತ್ರದ ಗುಣಮಟ್ಟ ತುಸು ಕುಗ್ಗಿಸಲು ಒಪ್ಪಿದರೆ ಸಾಕಿತ್ತು. 2021ರ ಜೂನ್ 1ಕ್ಕೆ ಆ ಕೊಡುಗೆ ನಿಂತಿತು. ಆ ದಿನದಿಂದ ಏರಿಸಿದ ಫೋಟೊಗಳೆಲ್ಲ ಮೇಲ್, ಡ್ರೈವ್ ಎಲ್ಲಕ್ಕೂ ಸೇರಿ ಸಿಗುವ 15 ಜಿಬಿಯ ಲೆಕ್ಕಕ್ಕೆ ಬಿದ್ದವು. ಅಷ್ಟರಲ್ಲಿ ಫೋನುಗಳ ಕ್ಯಾಮೆರಾ ಬೆಳೆದಿತ್ತು. ಇಂದಿನ ಫೋನಿನಲ್ಲಿ ಒಂದು ನಿಮಿಷದ 4ಕೆ ವಿಡಿಯೊ ನೂರಾರು ಎಂಬಿ ತಿನ್ನುತ್ತದೆ. ಮಗುವಿನ ನಾಮಕರಣದ ಒಂದು ಮಧ್ಯಾಹ್ನಕ್ಕೇ 15 ಜಿಬಿ ಮುಗಿಯಬಹುದು. ಮದುವೆ ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವ್ ಬೀರುವಿನಲ್ಲಿ, ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ಅಟ್ಟದ ಮೇಲೆ, ಅಪ್ಪನ ಪಿಂಚಣಿ ಕಾಗದಗಳ ಸ್ಕ್ಯಾನ್ ಯಾರದೋ ವಾಟ್ಸ್‌ಆ್ಯಪ್‌ನಲ್ಲಿ. ಈ ಸ್ಥಿತಿಗೆ ಬಂದ ಮನೆಗಳಲ್ಲಿ ಯಾರಾದರೊಬ್ಬರು ಒಂದು ದಿನ ನ್ಯಾಸ್ ಎಂಬ ಹೆಸರು ಎತ್ತುತ್ತಾರೆ.

ನ್ಯಾಸ್ ಎಂದರೆ ಹಾರ್ಡ್ ಡಿಸ್ಕ್ ಕೂರಿಸಿದ ಚಿಕ್ಕ ಕಂಪ್ಯೂಟರ್. ಪರದೆ ಇಲ್ಲ, ಕೀಲಿಮಣೆ ಇಲ್ಲ. ರೌಟರ್‌ಗೆ ಒಂದು ಕೇಬಲ್ ಹೋಗುತ್ತದೆ, ಮನೆಯ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲಕ್ಕೂ ಅದರೊಳಗಿನ ಫೋಲ್ಡರ್‌ಗಳು ಕಾಣುತ್ತವೆ. ಇಷ್ಟು ಸರಳವಾದ ವಸ್ತುವಿನ ಸುತ್ತ ಇಪ್ಪತ್ತು ವರ್ಷಗಳಿಂದ ವಾದ ನಡೆದಿದೆ: ಸಿದ್ಧ ಪೆಟ್ಟಿಗೆ ಕೊಳ್ಳಬೇಕೇ, ಬಿಡಿಭಾಗ ತಂದು ಕಟ್ಟಿಕೊಳ್ಳಬೇಕೇ, ಅಥವಾ ಈ ಗೊಡವೆಯೇ ಬೇಡವೇ? ಡಿಸ್ಕ್ ಒಂದು ಸಾಕೇ, ನಾಲ್ಕು ಬೇಕೇ? ಈ ವಾದಗಳಲ್ಲಿ ಹೆಚ್ಚಿನವು ಪೆಟ್ಟಿಗೆಯನ್ನೇ ಸುತ್ತುತ್ತವೆ. ಆದರೆ ಮೊದಲ ಸಲ ಕೊಳ್ಳುವವರ ಸೋಲು ಗೆಲುವನ್ನು ನಿರ್ಧರಿಸುವುದು ಬೇರೆ ಎರಡು ಪ್ರಶ್ನೆಗಳು ಎಂಬುದು ನನ್ನ ಅಭಿಪ್ರಾಯ. ಇದರೊಳಗಿನದರ ಇನ್ನೊಂದು ಪ್ರತಿ ಎಲ್ಲಿದೆ? ಇದನ್ನು ನೋಡಿಕೊಳ್ಳಬಲ್ಲ ಇನ್ನೊಬ್ಬರು ಮನೆಯಲ್ಲಿ ಯಾರಿದ್ದಾರೆ?

ಕಚೇರಿಯಿಂದ ಹಜಾರಕ್ಕೆ

ಇನ್ನೊಂದು ಯಂತ್ರದ ಡಿಸ್ಕನ್ನು ನಮ್ಮದೇ ಎಂಬಂತೆ ಬಳಸುವ ಉಪಾಯ ಹಳೆಯದು. ಐಬಿಎಂನಲ್ಲಿ 1983ರ ಸುಮಾರಿಗೆ ಹುಟ್ಟಿದ ಎಸ್‌ಎಂಬಿ, ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದ ಎನ್‌ಎಫ್‌ಎಸ್, ಈ ಎರಡು ಸಂವಹನ ವಿಧಾನಗಳೇ ಇಂದಿಗೂ ಮನೆಯ ನ್ಯಾಸ್‌ನೊಳಗೆ ದುಡಿಯುತ್ತಿವೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆದ ಸಾಂಬಾ ತಂತ್ರಾಂಶದಿಂದಾಗಿ, ವಿಂಡೋಸ್ ಯಂತ್ರಗಳ ಜೊತೆ ಯುನಿಕ್ಸ್ ಬಳಗದ ಯಂತ್ರಗಳೂ ಫೈಲ್ ಹಂಚಿಕೊಳ್ಳುವಂತಾಯಿತು. ಅಗ್ಗದ ಲಿನಕ್ಸ್ ಪೆಟ್ಟಿಗೆಯೊಂದು ಕಚೇರಿಯ ಫೈಲ್ ಸರ್ವರ್ ಆಗಲು ಸಾಧ್ಯವಾದದ್ದು ಇದರಿಂದಲೇ. ನೆಟ್‌ಆ್ಯಪ್‌ನಂಥ ಕಂಪನಿಗಳು 1990ರ ದಶಕದ ಆರಂಭದಿಂದಲೇ ಫೈಲ್ ಹಂಚುವುದಕ್ಕೆಂದೇ ಯಂತ್ರ ಮಾಡಿ ಮಾರುತ್ತಿದ್ದವು. ಆದರೆ ಅವು ಬ್ಯಾಂಕು, ವಿಶ್ವವಿದ್ಯಾಲಯಗಳ ಸರಕು.

ಮನೆಯೊಳಗೆ ಇದು ಕಾಲಿಟ್ಟದ್ದು 2000ದ ನಂತರ. ತೈವಾನಿನ ಸಿನಾಲಜಿ ಶುರುವಾದದ್ದು 2000ದಲ್ಲಿ, ಕ್ಯೂನ್ಯಾಪ್ 2004ರಲ್ಲಿ. ಅದೇ 2004ರಲ್ಲಿ ಲಿಂಕ್ಸಿಸ್ ಕಂಪನಿ ಎನ್‌ಎಸ್‌ಎಲ್‌ಯು2 ಎಂಬ ಅಂಗೈಯಗಲದ ಪೆಟ್ಟಿಗೆ ಬಿಟ್ಟಿತು. ಯುಎಸ್‌ಬಿ ಡಿಸ್ಕ್ ಚುಚ್ಚಿದರೆ ಜಾಲಕ್ಕೆ ಸೇರಿಸುತ್ತಿತ್ತು. ಅದರಲ್ಲಿದ್ದದ್ದು 32 ಎಂಬಿ ಮೆಮೊರಿ. ಹವ್ಯಾಸಿಗಳು ಅದನ್ನು ಬಿಚ್ಚಿ, ಒಳಗಿನ ಲಿನಕ್ಸನ್ನು ಬದಲಿಸಿ, ಕಂಪನಿ ಊಹಿಸದ ಕೆಲಸಗಳನ್ನೆಲ್ಲ ಮಾಡಿಸಿದರು. ಸಿದ್ಧ ಪೆಟ್ಟಿಗೆಯ ಪಕ್ಷ, ಕಟ್ಟಿಕೊಳ್ಳುವ ಪಕ್ಷ ಎರಡೂ ಅಲ್ಲಿ ಒಂದೇ ಡಬ್ಬಿಯೊಳಗಿದ್ದವು.

ಮೈಕ್ರೋಸಾಫ್ಟ್ 2007ರಲ್ಲಿ ವಿಂಡೋಸ್ ಹೋಮ್ ಸರ್ವರ್ ತಂದಿತು. ಅದರ ಪ್ರಚಾರಕ್ಕೆ ಮಕ್ಕಳ ಚಿತ್ರಪುಸ್ತಕವೊಂದನ್ನೇ ಹೊರತಂದದ್ದು ಈ ಉದ್ಯಮದ ತಮಾಷೆಗಳಲ್ಲೊಂದು. ಅಮ್ಮಾ, ಮನೆಯಲ್ಲಿ ಸರ್ವರ್ ಯಾಕಿದೆ ಎಂದು ಮಗು ಕೇಳುವುದೇ ಅದರ ಶೀರ್ಷಿಕೆಯ ಅರ್ಥ. ತಮಾಷೆ ಹೆಚ್ಚು ಕಾಲ ಉಳಿಯಲಿಲ್ಲ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದ ಯಂತ್ರಗಳಲ್ಲಿ ಕೆಲವು ಫೈಲ್‌ಗಳು ಕೆಡುತ್ತಿದ್ದವು. ಅದನ್ನು ಸರಿಪಡಿಸುವ ತಿದ್ದುಪಡಿ ಬರುವಷ್ಟರಲ್ಲಿ 2008 ಅರ್ಧ ಕಳೆದಿತ್ತು. ಕೆಲವೇ ವರ್ಷಗಳಲ್ಲಿ ಆ ಉತ್ಪನ್ನವೇ ನಿಂತುಹೋಯಿತು. ಬಳಿಕ ಮೈದಾನದಲ್ಲಿ ಉಳಿದವರು ತೈವಾನಿನ ಕಂಪನಿಗಳು ಮತ್ತು ಹವ್ಯಾಸಿಗಳು.

ಸಿದ್ಧ ಪೆಟ್ಟಿಗೆಯ ಪಕ್ಷ

ಇವರ ವಾದ ಬಿಡುವಿನ ಲೆಕ್ಕದಿಂದ ಹೊರಡುತ್ತದೆ. ಕೆಲಸಕ್ಕೆ ಹೋಗುವ, ಮಕ್ಕಳಿರುವ ಮನೆಯಲ್ಲಿ ಸರ್ವರ್ ಸಾಕಲು ಯಾರಿಗೆ ಪುರುಸೊತ್ತಿದೆ? ಪೆಟ್ಟಿಗೆ ತನ್ನಿ, ಡಿಸ್ಕ್ ತಳ್ಳಿ, ಕೇಬಲ್ ಸಿಕ್ಕಿಸಿ, ಬ್ರೌಸರ್‌ನಲ್ಲಿ ವಿಳಾಸ ತೆರೆಯಿರಿ. ಅದು ಕೇಳಿದ್ದಕ್ಕೆ ಉತ್ತರಿಸುತ್ತ ಹೋದರೆ ಸಂಜೆಯೊಳಗೆ ಮನೆಯವರಿಗೆಲ್ಲ ಒಂದೊಂದು ಖಾತೆ, ಒಂದೊಂದು ಫೋಲ್ಡರ್ ಸಿದ್ಧ. ಫೋನಿಗೆ ಆ್ಯಪ್ ಹಾಕಿದರೆ ತೆಗೆದ ಫೋಟೊ ತಾನಾಗಿ ಬಂದು ಕೂರುತ್ತದೆ. ಸಿನಾಲಜಿ, ಕ್ಯೂನ್ಯಾಪ್, ಅಸುಸ್ಟರ್, ಟೆರಾಮಾಸ್ಟರ್, 2024ರಿಂದ ಈಚೆಗೆ ಯೂಗ್ರೀನ್, ಇವರೆಲ್ಲ ಮಾರುವುದು ಈ ನೆಮ್ಮದಿಯನ್ನೇ. ಒಂದು ಮಾತು ಅಂಗಡಿಯಲ್ಲಿ ಕೇಳಿಕೊಳ್ಳಬೇಕು: ಹೆಚ್ಚಿನ ಪೆಟ್ಟಿಗೆಗಳು ಡಿಸ್ಕ್ ಇಲ್ಲದೆ ಬರುತ್ತವೆ. ಪೆಟ್ಟಿಗೆಯ ಬೆಲೆ ನೋಡಿ ಹೊರಟವರು ಡಿಸ್ಕಿನ ಬೆಲೆ ಕೇಳಿ ಹಿಂತಿರುಗುವುದುಂಟು. 4 ಟಿಬಿ ಎಂದು ಬರೆದ ಡಿಸ್ಕ್ ಕಂಪ್ಯೂಟರಿನಲ್ಲಿ 3.6 ಎಂದು ಕಂಡರೂ ಗಾಬರಿ ಬೇಡ. ಕಂಪನಿ ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ.

ಈ ಪಕ್ಷ ವಿವರಿಸಲು ಕಷ್ಟಪಡುವುದು ಕಂಪನಿಯ ಮೇಲಿನ ಅವಲಂಬನೆಯನ್ನು. 2025ರ ಏಪ್ರಿಲ್‌ನಲ್ಲಿ ಸಿನಾಲಜಿ ತನ್ನ ಆ ವರ್ಷದ ಪ್ಲಸ್ ಮಾದರಿಗಳಿಗೆ ತಾನು ಪ್ರಮಾಣೀಕರಿಸಿದ ಡಿಸ್ಕ್‌ಗಳೇ ಬೇಕೆಂಬ ಕಟ್ಟು ಹಾಕಿತು. ಗಿರಾಕಿಗಳು ಸಿಡಿದೆದ್ದರು. ಅಕ್ಟೋಬರ್ ಹೊತ್ತಿಗೆ ಹೊಸ ತಂತ್ರಾಂಶದೊಂದಿಗೆ ಕಂಪನಿ ಆ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಗಿರಾಕಿ ಗೆದ್ದ ಎಂದು ಇದನ್ನು ಓದಬಹುದು. ಮನೆಯಲ್ಲಿರುವ ಯಂತ್ರದ ನಿಯಮಗಳು ಇನ್ನೊಂದು ದೇಶದ ಸಭೆಯೊಂದರಲ್ಲಿ ಬದಲಾಗಬಹುದು ಎಂದೂ ಓದಬಹುದು. ನನಗೆ ಎರಡನೆಯ ಓದೇ ಸರಿ ಅನಿಸುತ್ತದೆ.

ಡ್ರೋಬೊ ಕತೆ ಇನ್ನೂ ಕಹಿ. ಬೇರೆ ಬೇರೆ ಗಾತ್ರದ ಡಿಸ್ಕ್‌ಗಳನ್ನು ಹೇಗೆ ತುರುಕಿದರೂ ಸಂಭಾಳಿಸುವ ಆ ಪೆಟ್ಟಿಗೆಯನ್ನು ಛಾಯಾಗ್ರಾಹಕರು ಮೆಚ್ಚಿಕೊಂಡಿದ್ದರು. ಅದರ ಒಡೆತನದ ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು, 2023ರಲ್ಲಿ ಬಾಗಿಲು ಹಾಕುವ ಹಂತಕ್ಕೆ ಬಂತು. ಡ್ರೋಬೊ ಡಿಸ್ಕ್‌ಗಳ ಮೇಲೆ ಬರೆಯುತ್ತಿದ್ದ ವಿನ್ಯಾಸ ಅದರದ್ದೇ ಗುಟ್ಟು. ಪೆಟ್ಟಿಗೆ ಕೆಟ್ಟರೆ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿಗೆ ಹಾಕಿ ಓದುವಂತಿಲ್ಲ. ಸಿನಾಲಜಿಯ ಡಿಸ್ಕ್ ಜೋಡಣೆ ಲಿನಕ್ಸಿನ ಸಾಮಾನ್ಯ ಸಾಧನಗಳ ಮೇಲೇ ನಿಂತಿರುವುದರಿಂದ ಪೆಟ್ಟಿಗೆ ಸತ್ತರೂ ಲಿನಕ್ಸ್ ಯಂತ್ರದಲ್ಲಿ ಡಿಸ್ಕ್ ತೆರೆಯಲು ದಾರಿಯಿದೆ. ಯಾವ ಪೆಟ್ಟಿಗೆ ಕೊಳ್ಳುವುದಿದ್ದರೂ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಕಟ್ಟಿಕೊಳ್ಳುವವರ ಪಕ್ಷ

ಫ್ರಾನ್ಸಿನ ಒಲಿವಿಯೆ ಕೋಷಾರ್-ಲಾಬೆ 2005ರಲ್ಲಿ ಫ್ರೀನ್ಯಾಸ್ ಎಂಬ ನ್ಯಾಸ್ ತಂತ್ರಾಂಶ ಶುರುಮಾಡಿದರು. ಅದು ಮುಂದೆ ಐಎಕ್ಸ್‌ಸಿಸ್ಟಮ್ಸ್ ಕಂಪನಿಯ ಆಸರೆಯಲ್ಲಿ ಬೆಳೆದು, 2020ರಲ್ಲಿ ಟ್ರೂನ್ಯಾಸ್ ಎಂಬ ಹೆಸರು ಪಡೆದು, ಬಳಿಕ ಲಿನಕ್ಸ್ ಕಡೆಗೆ ವಾಲಿತು. ಓಪನ್‌ಮೀಡಿಯಾವಾಲ್ಟ್, ದುಡ್ಡು ಕೊಟ್ಟು ಕೊಳ್ಳುವ ಅನ್‌ರೇಡ್ ಇದರ ಜೊತೆಯವು. ಈ ಪಕ್ಷದವರ ವಾದ ನೇರ: ಅದೇ ದುಡ್ಡಿಗೆ ಹೆಚ್ಚು ಶಕ್ತಿಯ ಯಂತ್ರ, ಯಾವ ಭಾಗ ಕೆಟ್ಟರೂ ಎಸ್.ಪಿ. ರಸ್ತೆಯಲ್ಲಿ ಸಿಗುವ ಭಾಗವನ್ನೇ ಹಾಕಬಹುದು, ಯಾರ ಅಪ್ಪಣೆಯೂ ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ ಮೂಲೆ ಸೇರಿದ ಕಂಪ್ಯೂಟರುಗಳು ಎಷ್ಟೋ. ಅವುಗಳಲ್ಲಿ ಬಹಳಷ್ಟು ಒಳ್ಳೆಯ ನ್ಯಾಸ್ ಆಗಬಲ್ಲವು.

ಇವರ ದೊಡ್ಡ ಅಸ್ತ್ರ ಝಡ್‌ಎಫ್‌ಎಸ್. ಸನ್ ಕಂಪನಿಯ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು ರೂಪಿಸಿ 2005ರಲ್ಲಿ ಬಹಿರಂಗಪಡಿಸಿದ ಈ ಫೈಲ್ ವ್ಯವಸ್ಥೆ ಬರೆದ ಪ್ರತಿ ತುಣುಕಿಗೂ ಒಂದು ಪರೀಕ್ಷಾ ಮೊತ್ತ ಇಡುತ್ತದೆ. ಡಿಸ್ಕು ಸದ್ದಿಲ್ಲದೆ ತಪ್ಪು ಓದಿ ಕೊಟ್ಟರೆ ಅದಕ್ಕೆ ಗೊತ್ತಾಗುತ್ತದೆ. ಇನ್ನೊಂದು ಪ್ರತಿ ಇದ್ದರೆ ತಾನೇ ರಿಪೇರಿ ಮಾಡುತ್ತದೆ. ಹತ್ತು ವರ್ಷದ ಹಿಂದಿನ ಫೋಟೊ ತೆರೆದಾಗ ಅರ್ಧಕ್ಕೆ ಬೂದುಬಣ್ಣ ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಅದರ ದೌರ್ಬಲ್ಯವೆಂದು ಬಹುಕಾಲ ಹೇಳುತ್ತಿದ್ದದ್ದು, ಒಮ್ಮೆ ಕಟ್ಟಿದ ಡಿಸ್ಕ್ ಗುಂಪಿಗೆ ಇನ್ನೊಂದು ಡಿಸ್ಕ್ ಸೇರಿಸಿ ಹಿಗ್ಗಿಸಲು ಆಗದು ಎಂಬುದನ್ನು. 2025ರ ಆರಂಭದಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3 ಆ ಕೊರತೆ ನೀಗಿತು. ಪ್ರತಿಸ್ಪರ್ಧಿ ಬಿಟಿಆರ್‌ಎಫ್‌ಎಸ್ ಕೂಡ ಇಂಥದೇ ಪರೀಕ್ಷಾ ಮೊತ್ತ ಇಡುತ್ತದೆ, ಸಿನಾಲಜಿಯ ಹಲವು ಮಾದರಿಗಳಲ್ಲಿ ಇರುವುದೂ ಅದೇ.

ಝಡ್‌ಎಫ್‌ಎಸ್ ಬಳಸುವವರು ತಪ್ಪು ತಿದ್ದುವ ಇಸಿಸಿ ಮೆಮೊರಿಯನ್ನೇ ಹಾಕಬೇಕೆಂಬುದು ಈ ಪಕ್ಷದೊಳಗಿನ ಮುಗಿಯದ ಜಗಳ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ದೋಷ ತೋರಿಸಿದ್ದವು. ಹಾಗಾಗಿ ಭಯಕ್ಕೆ ಆಧಾರವಿದೆ. ಆದರೆ ಆ ದೋಷ ಯಾವ ಫೈಲ್ ವ್ಯವಸ್ಥೆಯನ್ನಾದರೂ ಕೆಡಿಸಬಲ್ಲದು, ಝಡ್‌ಎಫ್‌ಎಸ್ಸನ್ನೇ ಹೆಚ್ಚಾಗಿ ಕಾಡುತ್ತದೆಂಬುದಕ್ಕೆ ಆಧಾರವಿಲ್ಲ. ಇಸಿಸಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಯೋಜನೆಯನ್ನೇ ಕೈಬಿಡಬೇಕಿಲ್ಲ.

ಕಟ್ಟಿಕೊಳ್ಳುವವರು ಮಾತಾಡದ ವಿಷಯ ಬೇರೆಯಿದೆ. ಇವರ ಸರ್ವರ್ ಒಬ್ಬನ ತಲೆಯೊಳಗಿರುತ್ತದೆ. ಆತ ಬೇರೆ ಊರಿಗೆ ವರ್ಗವಾದಾಗ, ಆಸ್ಪತ್ರೆ ಸೇರಿದಾಗ, ಮನೆಯವರಿಗೆ ಅದು ದೀಪ ಮಿನುಗುವ ಕಪ್ಪು ಪೆಟ್ಟಿಗೆ. ಹವ್ಯಾಸಿಗೆ ಇದು ಆಟ, ಸೋತರೂ ಕಲಿಕೆ. ಮನೆಮಂದಿಯ ನೆನಪುಗಳನ್ನೂ ಅದೇ ಆಟದ ಮೇಜಿನ ಮೇಲೆ ಇಡುವ ಮುನ್ನ ಅವರನ್ನು ಕೇಳಬೇಕು.

ಬೇಡವೇ ಬೇಡ ಎನ್ನುವವರು

ಇವರ ಮಾತು ಚಿಕ್ಕದು, ಆದರೆ ಕಡೆಗಣಿಸುವಂತಿಲ್ಲ. 2 ಟಿಬಿ ಕ್ಲೌಡ್ ಜಾಗಕ್ಕೆ ಭಾರತದಲ್ಲಿ ವರ್ಷಕ್ಕೆ 6,500 ರೂಪಾಯಿ ಆಸುಪಾಸು ಕೊಟ್ಟರೆ ಡಿಸ್ಕ್ ಕೆಡುವ, ಕರೆಂಟ್ ಹೋಗುವ, ಕಳ್ಳ ಬರುವ ಚಿಂತೆಯೆಲ್ಲ ಇನ್ನೊಬ್ಬರದು. ಜೊತೆಗೊಂದು ಯುಎಸ್‌ಬಿ ಡಿಸ್ಕ್ ಕೊಂಡು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನಕಲು ತೆಗೆದಿಟ್ಟರೆ ಮುಗಿಯಿತು. ಒಟ್ಟು 200 ಜಿಬಿಯೊಳಗೆ ಬದುಕುವ ಮನೆಗೆ ನಾನೂ ಇದನ್ನೇ ಹೇಳುತ್ತೇನೆ.

ಅವರ ಲೆಕ್ಕ ಜಾರುವುದು ಗಾತ್ರ ಬೆಳೆದಾಗ. ಬಾಡಿಗೆ ನಿಲ್ಲಿಸಿದ ದಿನ ಜಾಗವೂ ಇಲ್ಲ. ನಿಯಮ ಬದಲಿಸುವ ಹಕ್ಕು ಮಾಲೀಕನದು, 2021ರಲ್ಲಿ ಕಂಡದ್ದೇ ಅದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದದ್ದೂ ತೀರಿಕೊಂಡವರ ಖಾತೆಗಳಿರುವ ಮನೆಗಳಿಗೆ ಮುಖ್ಯ ವಿಷಯ.

ರೇಡ್ ಕೊಡುವ ನೆಮ್ಮದಿ

ಎಲ್ಲ ಪಕ್ಷಗಳನ್ನೂ ಅಡ್ಡ ಸೀಳುವ ವಾದ ರೇಡ್‌ನದು. ಬರ್ಕ್ಲಿಯ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ 1988ರ ಪ್ರಬಂಧದಲ್ಲಿ ಮುಂದಿಟ್ಟ ವಿಚಾರ ಸರಳವಾಗಿತ್ತು. ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್‌ಗಳನ್ನು ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವುದು. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಬರೆದರೆ ರೇಡ್ 1. ಮೂರೋ ನಾಲ್ಕೋ ಡಿಸ್ಕ್‌ಗಳ ನಡುವೆ ಮಾಹಿತಿ ಹಂಚಿ, ಒಂದರ ಜಾಗದಷ್ಟು ರಕ್ಷಣೆಗೆ ಬಿಟ್ಟರೆ ರೇಡ್ 5. ಅಂಗಡಿಯವರು ಇದನ್ನೇ ಸುರಕ್ಷತೆ ಎಂದು ಮಾರುತ್ತಾರೆ, ಮತ್ತು ಮೊದಲ ಸಲ ಕೊಳ್ಳುವವರು ಇದನ್ನೇ ಬ್ಯಾಕಪ್ ಎಂದು ನಂಬುತ್ತಾರೆ.

ಬ್ಯಾಕಪ್ ಅದಲ್ಲ. ಮಗ ಆಟವಾಡುತ್ತ ಅಳಿಸಿದ ಫೋಲ್ಡರ್ ಎರಡೂ ಡಿಸ್ಕಿನಲ್ಲಿ ಒಂದೇ ಕ್ಷಣಕ್ಕೆ ಅಳಿಯುತ್ತದೆ. ವೈರಸ್ ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ. ಸಿಡಿಲು ಬಡಿದರೆ, ಕಳ್ಳ ಹೊತ್ತರೆ, ಪೆಟ್ಟಿಗೆ ಪೂರ್ತಿ ಹೋಗುತ್ತದೆ. ಮನೆಯ ಕೀಲಿಕೈಗೆ ಇನ್ನೊಂದು ಕೀಲಿಕೈ ಮಾಡಿಸಿ ಅದನ್ನೂ ಅದೇ ಗೊಂಚಲಿಗೆ ಹಾಕಿಕೊಂಡಂತೆ ಇದು. ರೇಡ್ ಕಾಪಾಡುವುದು ಕೆಲಸ ನಿಲ್ಲದಿರುವುದನ್ನು. ಅಂಗಡಿ, ಸ್ಟುಡಿಯೊ, ಕಚೇರಿಗಳಿಗೆ ಅದು ಬೆಲೆಬಾಳುವ ಗುಣ. ಮನೆಯಲ್ಲಿ ಎರಡು ದಿನ ಫೋಟೊ ನೋಡಲಾಗದಿದ್ದರೆ ಆಕಾಶವೇನೂ ಬೀಳದು.

ಇಲ್ಲಿ ಇನ್ನೊಂದು ಭಯವೂ ಹರಡಿದೆ. ಮಾಮೂಲಿ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ, ಒಂದರ ಮುಂದೆ 14 ಸೊನ್ನೆಯಷ್ಟು ಬಿಟ್ ಓದುವಲ್ಲಿ ಒಮ್ಮೆ ಓದಲಾಗದ ತಾಣ ಸಿಗಬಹುದು ಎಂದಿರುತ್ತದೆ. ಅದು ಸುಮಾರು 12.5 ಟಿಬಿ. ಇದನ್ನೇ ಹಿಡಿದು ರಾಬಿನ್ ಹ್ಯಾರಿಸ್ ಎಂಬ ಬರಹಗಾರ 2007ರಲ್ಲಿ, 2009ರ ಹೊತ್ತಿಗೆ ರೇಡ್ 5 ಕೆಲಸಕ್ಕೆ ಬಾರದಾಗುತ್ತದೆ ಎಂದು ವಾದಿಸಿದರು. ಡಿಸ್ಕ್ ದೊಡ್ಡದಾದಂತೆ, ಕೆಟ್ಟ ಡಿಸ್ಕನ್ನು ಬದಲಿಸಿ ಮರುಕಟ್ಟುವಾಗ ಉಳಿದವನ್ನೆಲ್ಲ ಓದಬೇಕು, ಆಗಲೇ ಎಡವುತ್ತದೆ ಎಂಬ ತರ್ಕ. ಆ ಸಂಖ್ಯೆಯನ್ನು ಅಕ್ಷರಶಃ ನಂಬಿದರೆ 6 ಟಿಬಿಯ ನಾಲ್ಕು ಡಿಸ್ಕ್‌ಗಳ ಗುಂಪು ನಾಲ್ಕರಲ್ಲಿ ಮೂರು ಸಲ ಮರುಕಟ್ಟಲಾಗದೆ ಸೋಲಬೇಕು. ವಾಸ್ತವದಲ್ಲಿ ಹಾಗಾಗುತ್ತಿಲ್ಲ, ತಿಂಗಳಿಗೊಮ್ಮೆ ಇಡೀ ಡಿಸ್ಕ್ ಓದಿ ಪರೀಕ್ಷಿಸುವವರಿಗೆ ವರ್ಷಗಟ್ಟಲೆ ಒಂದೂ ದೋಷ ಕಾಣದಿರುವುದು ಸಾಮಾನ್ಯ. ಕಂಪನಿಯ ಸಂಖ್ಯೆ ಅತಿ ಎಚ್ಚರಿಕೆಯದು ಎಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಆದರೂ ನಿಜವಾದ ಪ್ರಮಾಣ ಎಷ್ಟೆಂದು ಯಾವ ತಯಾರಕರೂ ಬಿಚ್ಚಿ ಹೇಳುವುದಿಲ್ಲ.

ಡಿಸ್ಕ್ ಕೆಡುವ ವೇಗದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾಹಿತಿಯಿದೆ. ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಲಕ್ಷಾಂತರ ಡಿಸ್ಕ್‌ಗಳ ಸಾವಿನ ಲೆಕ್ಕವನ್ನು 2013ರಿಂದ ಬಹಿರಂಗವಾಗಿ ಇಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಒಂದೂವರೆಯ ಆಸುಪಾಸು ಡಿಸ್ಕ್ ವರ್ಷಕ್ಕೆ ಕೆಡುತ್ತಿವೆ. ಮುನ್ಸೂಚನೆ ನಂಬುವವರಿಗೆ ಗೂಗಲ್‌ನ 2007ರ ಅಧ್ಯಯನ ತಣ್ಣೀರೆರಚಿತ್ತು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ಸೂಚನೆಗಳ ಪೈಕಿ ಮುಖ್ಯವಾದ ನಾಲ್ಕರಲ್ಲಿ ಒಂದನ್ನೂ ತೋರದೆ ಸತ್ತಿದ್ದವು. ಡಿಸ್ಕ್ ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿಯೇ ಕೊಳ್ಳಬೇಕು. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪಥ ಬರೆಯುವ ಎಸ್‌ಎಂಆರ್ ವಿಧಾನವನ್ನು ಹೇಳದೆ ಬಳಸಿದೆಯೆಂದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ಮರುಕಟ್ಟುವ ಕೆಲಸದಲ್ಲಿ ಅಂಥ ಡಿಸ್ಕ್‌ಗಳು ತೆವಳುತ್ತವೆ, ಕೆಲವೊಮ್ಮೆ ಗುಂಪಿನಿಂದಲೇ ಹೊರಬೀಳುತ್ತವೆ. ನ್ಯಾಸ್‌ಗೆ ಹಾಗೆ ಪಥಗಳನ್ನು ಒಂದರ ಮೇಲೊಂದು ಹೇರದ ಸಿಎಂಆರ್ ಡಿಸ್ಕ್ ಬೇಕೆಂದು ಕೇಳಿ ಪಡೆಯಿರಿ.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಇನ್ನೂ ಹಳತಾಗಿಲ್ಲ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಆದ್ದರಿಂದ ನನ್ನ ತೀರ್ಪು ಅಂಗಡಿಯವರಿಗೆ ಹಿಡಿಸದ್ದು. ಎರಡೇ ಡಿಸ್ಕಿಗೆ ದುಡ್ಡಿದ್ದರೆ ಎರಡನ್ನೂ ಪೆಟ್ಟಿಗೆಯೊಳಗೆ ಜೋಡಿ ಹಾಕಬೇಡಿ. ಒಂದನ್ನು ಒಳಗಿಡಿ, ಇನ್ನೊಂದನ್ನು ಹೊರಗಿನ ಕವಚಕ್ಕೆ ಹಾಕಿ ವಾರಕ್ಕೊಮ್ಮೆ ನಕಲು ತೆಗೆದು ಬಿಚ್ಚಿಡಿ. ರೇಡ್ ಮೂರನೆಯ ಡಿಸ್ಕ್ ಬಂದಾಗ ನೋಡಿಕೊಳ್ಳಬಹುದು. ಒಳಗಿನ ಡಿಸ್ಕ್ ಕೆಟ್ಟರೆ ವಾರದ ಫೋಟೊ ಹೋಗುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಆ ವಾರದ ಫೋಟೊ ಸಾಮಾನ್ಯವಾಗಿ ಫೋನಿನಲ್ಲೇ ಇರುತ್ತದೆ.

ಬೀದಿಗೆ ತೆರೆದ ಬಾಗಿಲು

ಊರಿನಿಂದಾಚೆ ಇದ್ದಾಗಲೂ ಮನೆಯ ಫೈಲ್ ಸಿಗಬೇಕೆಂಬ ಆಸೆಯೇ ಅತಿ ಹೆಚ್ಚು ಹಾನಿ ಮಾಡಿದೆ. 2014ರಲ್ಲಿ ಸಿನೊಲಾಕರ್, 2021ರಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಬಂದವು. ಮೂರೂ ಇಂಟರ್ನೆಟ್ಟಿಗೆ ನೇರ ತೆರೆದಿದ್ದ ಮನೆಯ ಪೆಟ್ಟಿಗೆಗಳನ್ನೇ ಹುಡುಕಿ, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿದವು. ಡೆಡ್‌ಬೋಲ್ಟ್ ಕೇಳಿದ್ದು 0.03 ಬಿಟ್‌ಕಾಯಿನ್. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು ಹಣ ಕಳಿಸಿದಂತೆ ಮಾಡಿ, ಕೀಲಿ ಕೈಗೆ ಬಂದೊಡನೆ ಪಾವತಿ ಹಿಂಪಡೆದು, 155 ಕೀಲಿಗಳನ್ನು ದಕ್ಕಿಸಿಕೊಂಡರು. ಕಳ್ಳನಿಗೇ ಟೋಪಿ ಹಾಕಿದ ಈ ಪ್ರಸಂಗ ಓದಲು ಖುಷಿ, ಆದರೆ ಉಳಿದ ಸಾವಿರಾರು ಮಂದಿಗೆ ಅದರಿಂದ ಉಪಯೋಗವಾಗಲಿಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಇಟ್ಟುಕೊಂಡಿದ್ದವರು ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಯಾರೋ ದೂರದಿಂದಲೇ ಎಲ್ಲವನ್ನೂ ಅಳಿಸಿದ್ದರು. 2015ರ ನಂತರ ಆ ಪೆಟ್ಟಿಗೆಗೆ ಭದ್ರತಾ ತಿದ್ದುಪಡಿಯೇ ಬಂದಿರಲಿಲ್ಲ.

ಇದಕ್ಕೆ ಉತ್ತರ ಹೇಳುವವರಲ್ಲಿ ಮೂರು ಬಣ. ಹೊರಗೆ ತೆರೆಯಲೇಬೇಡಿ ಎನ್ನುವವರು. ಕಂಪನಿಯ ಮಧ್ಯವರ್ತಿ ಸೇವೆ ಬಳಸಿ ಎನ್ನುವವರು. ವೈರ್‌ಗಾರ್ಡ್, ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ತೋಡಿ ಎನ್ನುವವರು. ಕರ್ನಾಟಕದ ಹಲವು ಮನೆಗಳಲ್ಲಿ ಈ ಆಯ್ಕೆಯನ್ನು ಇಂಟರ್ನೆಟ್ ಕಂಪನಿಯೇ ಅರ್ಧ ಮಾಡಿಬಿಟ್ಟಿದೆ. ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ಸಿಜಿನ್ಯಾಟ್ ಪದ್ಧತಿಯಿಂದಾಗಿ, ರೌಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಬರಲಾಗದು. ತೊಡಕಿನಂತೆ ಕಾಣುವ ಇದು ಮೊದಲಿಗರ ಪಾಲಿಗೆ ಒಳ್ಳೆಯದೇ. ಹೊರಗಿನಿಂದ ಬೇಕೇ ಬೇಕಾದರೆ ಸುರಂಗದ ದಾರಿ ಹಿಡಿಯಿರಿ. ರೌಟರ್ ಮತ್ತು ನ್ಯಾಸ್ ಎರಡರಲ್ಲೂ ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಆಯ್ಕೆಯನ್ನು ಮೊದಲ ದಿನವೇ ಮುಚ್ಚಿ.

ಕರೆಂಟು, ಸಿಡಿಲು, ಕನ್ನಡದ ಹೆಸರುಗಳು

ಪರದೇಶದ ಕೈಪಿಡಿಗಳಲ್ಲಿ ಸಿಗದ ಕೆಲವು ಮಾತುಗಳಿವೆ. ಎರಡು ಡಿಸ್ಕಿನ ಪೆಟ್ಟಿಗೆ ಸುಮಾರು 20 ವ್ಯಾಟ್ ಎಳೆದರೆ ತಿಂಗಳಿಗೆ 14 ಯೂನಿಟ್ ದಾಟುತ್ತದೆ. ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ 43 ಯೂನಿಟ್. ಗೃಹಜ್ಯೋತಿ ಪಡೆಯುವ ಮನೆಗಳಿಗೆ ಉಚಿತ ಮಿತಿ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ ನಿಗದಿಯಾದದ್ದು. ಹಗಲೂ ರಾತ್ರಿ ಉರಿಯುವ ಹೊಸ ಯಂತ್ರ ಆ ಮಿತಿಯಾಚೆ ದಾಟಿಸಬಹುದು. ಹಳೆಯ ಕಂಪ್ಯೂಟರ್ ಬಿಟ್ಟಿ ಎಂಬ ವಾದಕ್ಕೆ ಇಲ್ಲಿ ಬಿಲ್ಲು ಬರುತ್ತದೆ.

ಮನೆಯ ಇನ್ವರ್ಟರ್ ಸಾಕು ಎಂದುಕೊಳ್ಳುವವರೂ ಇದ್ದಾರೆ. ಇನ್ವರ್ಟರ್ ಗಂಟೆಗಟ್ಟಲೆ ಕರೆಂಟ್ ಕೊಡುತ್ತದೆ ನಿಜ. ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ಹೇಳುವ ತಂತಿ ಸಾಮಾನ್ಯವಾಗಿ ಅದರಲ್ಲಿಲ್ಲ. ಯುಎಸ್‌ಬಿ ಕೇಬಲ್ ಇರುವ ಚಿಕ್ಕ ಯುಪಿಎಸ್ ಆ ಸುದ್ದಿ ಮುಟ್ಟಿಸುತ್ತದೆ, ನ್ಯಾಸ್ ತಾನೇ ನೆಟ್ಟಗೆ ಮಲಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಇದೂ ಸಾಲದು. ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಅಲ್ಲದೆ ತಾಮ್ರದ ನೆಟ್‌ವರ್ಕ್ ಕೇಬಲಿನಲ್ಲೂ ಬರುತ್ತದೆ, ಎರಡನ್ನೂ ಕೀಳಬೇಕು.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇನ್ನೆರಡು ತೊಡಕು. ಲಿನಕ್ಸ್ ಆಧಾರಿತ ಪೆಟ್ಟಿಗೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಲಕ್ಷ್ಮೀ’ ಎಂದು ಬರೆದರೆ ಒತ್ತು, ದೀರ್ಘ ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್. ಸಿನಾಲಜಿಯ ಹಳೆಯ ಬಗೆಯ ಗೂಢಲಿಪಿ ಫೋಲ್ಡರ್‌ನಲ್ಲಿ ಮಿತಿ ಇನ್ನೂ ಕಿರಿದು, 143 ಬೈಟ್. ಅಂದರೆ ಕನ್ನಡದ 47 ಚಿಹ್ನೆ. ಊರು, ಸಮಾರಂಭ, ಇಸವಿ ಎಲ್ಲ ಸೇರಿಸಿ ಹೆಸರಿಡುವವರು ಅಲ್ಲಿ ಮುಗ್ಗರಿಸುತ್ತಾರೆ. ಎರಡನೆಯದು ಇನ್ನೂ ವಿಚಿತ್ರ. ‘ಕೋಲಾರ’ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬಿಡಿಸಿದ ಚಿಹ್ನೆಗಳಾಗಿಯೂ ಉಳಿಸಬಹುದು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಬಿಡಿಸಿ ಇಡುತ್ತಿತ್ತು, ವಿಂಡೋಸಿನಲ್ಲಿ ಬರೆದದ್ದು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತದೆ. ಲಿನಕ್ಸಿಗೆ ಅವೆರಡೂ ಬೇರೆ ಹೆಸರು. ಹಾಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಕೋಲಾರ’ ಫೋಲ್ಡರ್‌ಗಳು ಒಂದೇ ಕಡೆ ಹುಟ್ಟಿಕೊಳ್ಳುತ್ತವೆ. ಹಳೆಯ ಮ್ಯಾಕ್ ಡಿಸ್ಕಿನಿಂದ ನಕಲು ಮಾಡುವವರು ಮೊದಲು ಚಿಕ್ಕ ಫೋಲ್ಡರ್ ಒಂದರಲ್ಲಿ ಪರೀಕ್ಷಿಸಿ ನೋಡಬೇಕು.

ಇನ್ನೂ ತೀರ್ಮಾನವಾಗದವು

ಬೇರೆ ಜಾಗದ ಪ್ರತಿ ಎಲ್ಲಿರಬೇಕು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ. ಕ್ಲೌಡಿಗೆ ಕಳಿಸಿದರೆ ತಿಂಗಳ ಬಾಡಿಗೆ ಮತ್ತೆ ಶುರು. ಮೈಸೂರಿನ ಅಕ್ಕ ಮತ್ತು ಡಲ್ಲಾಸಿನ ತಮ್ಮ ಒಬ್ಬರ ನಕಲನ್ನು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. 30 ಎಂಬಿಪಿಎಸ್ ಏರಿಕೆ ವೇಗದಲ್ಲಿ 1 ಟಿಬಿ ಕಳಿಸಲು ಮೂರು ದಿನ ಹಗಲೂ ರಾತ್ರಿ ಬೇಕು, ಮನೆಯ ಯೋಜನೆಗಳಲ್ಲಿ ತಿಂಗಳಿಗೆ ಇಂತಿಷ್ಟೇ ಎಂಬ ಮಿತಿಯೂ ಉಂಟು. ಅದಕ್ಕಿಂತ, ಊರಿಗೆ ಹೋದಾಗಲೆಲ್ಲ ಒಂದು ಡಿಸ್ಕ್ ಬಿಟ್ಟು ಇನ್ನೊಂದು ತರುವವರ ಹಳೆಯ ದಾರಿ ಎಷ್ಟೋ ಮನೆಗಳಿಗೆ ಸರಿಹೊಂದುತ್ತದೆ.

ಗೂಢಲಿಪಿಯ ಪ್ರಶ್ನೆ ಇದಕ್ಕಿಂತ ಕಠಿಣ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದರೆ ಕಳ್ಳನಿಗೆ ಸಿಗದು. ಗುಪ್ತಪದ ಬಲ್ಲವರು ತೀರಿಕೊಂಡರೆ ಮಕ್ಕಳಿಗೂ ಸಿಗದು. ಭದ್ರತಾ ತಜ್ಞರು ಬೀಗದ ಪಕ್ಷ, ಕುಟುಂಬದ ದಾಖಲೆ ಜೋಪಾನ ಮಾಡುವವರು ಕಾಗದದಲ್ಲಿ ಬರೆದಿಡುವ ಪಕ್ಷ. ಸಿದ್ಧ ಪೆಟ್ಟಿಗೆಯೂ ಸ್ವಂತ ಕಟ್ಟಿದ್ದೂ ಇದಕ್ಕೆ ಉತ್ತರ ಕೊಡುವುದಿಲ್ಲ. ತಿರುಗುವ ಡಿಸ್ಕಿನ ಬದಲು ಸದ್ದಿಲ್ಲದ ಎಸ್‌ಎಸ್‌ಡಿ ಹಾಕಬಹುದೇ ಎಂಬುದೂ ತೂಗಾಡುತ್ತಿದೆ. ಟಿಬಿಗೆ ಇಷ್ಟೆಂಬ ಬೆಲೆಯಲ್ಲಿ ಅದು ಇನ್ನೂ ದುಬಾರಿ. ಬರೆದು ಬರೆದು ಸವೆದ ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ಬಹುಕಾಲ ಕಪಾಟಿನಲ್ಲಿಡುವುದೂ ಕ್ಷೇಮವಲ್ಲ. ಒಂದು ಪೆಟ್ಟಿಗೆಗೆ ಎಷ್ಟು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ ಎಂದು ರಟ್ಟಿನ ಡಬ್ಬಿಯ ಮೇಲೆ ಮುದ್ರಿಸುವ ರೂಢಿಯೂ ಇನ್ನೂ ಬಂದಿಲ್ಲ.

ಈ ವಾದಗಳು ತೀರುವವರೆಗೆ ಯಾರೂ ಕಾಯಬೇಕಿಲ್ಲ. ಪೆಟ್ಟಿಗೆ ತಂದು ಫೋಟೊಗಳನ್ನೆಲ್ಲ ಸೇರಿಸಿದ ಮೇಲೆ ಫೋನಿನಿಂದ ಅಳಿಸುವ ಆತುರ ಮಾತ್ರ ಬೇಡ. ಮೊದಲು ಹೊರಗಿನ ಡಿಸ್ಕಿಗೆ ನಕಲು ತೆಗೆಯಿರಿ, ಆ ನಕಲಿನಿಂದ ಒಂದು ಫೋಲ್ಡರನ್ನು ಬೇರೊಂದು ಕಂಪ್ಯೂಟರಿಗೆ ಹಿಂದಕ್ಕೆ ತಂದು ಚಿತ್ರಗಳನ್ನು ತೆರೆದು ನೋಡಿ. ಆ ಕೆಲಸವನ್ನು ನೀವು ಮಾಡಬೇಡಿ, ಮನೆಯ ಇನ್ನೊಬ್ಬರ ಕೈಯಲ್ಲಿ ಮಾಡಿಸಿ.